ಹೊಸ್ತಿಲು ದಾಟದ ಹಾಡು

ಮೋಸ ಹೋಗುವುದಕ್ಕೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ ನೋಡಿ. ನಾಮ ಹಾಕಿದರು ಎನ್ನುತ್ತೇವೆ, ಚಳ್ಳೆಹಣ್ಣು ತಿನ್ನಿಸಿದರು ಎನ್ನುತ್ತೇವೆ, ಕಿವಿಯ ಮೇಲೆ ಹೂವಿಟ್ಟರು ಎನ್ನುತ್ತೇವೆ. ಆದರೆ ದಿನಬಳಕೆಯಲ್ಲಿ ಇವೆಲ್ಲವನ್ನೂ ಮೀರಿಸಿದ ಮಾತು ಒಂದೇ: ಟೋಪಿ ಹಾಕಿದರು. ಚೀಟಿ ಹಣ ನುಂಗಿ ಊರು ಬಿಟ್ಟವನು, ಸೈಟು ಕೊಡಿಸುತ್ತೇನೆಂದು ಮುಂಗಡ ತೆಗೆದುಕೊಂಡವನು, ಓಟು ಕೇಳಲು ಬಂದು ಕೈಮುಗಿದು ಮತ್ತೆ ಐದು ವರ್ಷ ಈ ಕಡೆ ತಲೆ ಹಾಕದವನು, ಎಲ್ಲರೂ ನಮಗೆ ಟೋಪಿ ಹಾಕಿದವರೇ.

ಬೆಂಗಳೂರಿನ 'ಸ್ವರಾತ್ಮ' ಎಂಬ ರಾಕ್ ತಂಡ 2012ರಲ್ಲಿ ತನ್ನ ಎರಡನೆಯ ಆಲ್ಬಮ್ಮಿಗೆ 'ಟೋಪಿವಾಲೆ' ಎಂದು ಹೆಸರಿಟ್ಟಾಗ ಅದರ ಅರ್ಥ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಕಾಲವೂ ಹಾಗಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದಿತ್ತು. ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅದು ಹೇಳಿತ್ತು. ತಿಂಗಳ ಕೊನೆಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಿದ್ದರು. ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಅಣ್ಣಾ ಹಜಾರೆಯವರ ಉಪವಾಸ ನಡೆದಾಗ ನಮ್ಮ ಫ್ರೀಡಂ ಪಾರ್ಕಿನಲ್ಲೂ ಜನ ಸೇರಿದ್ದರು, ಅವರ ತಲೆಯ ಮೇಲೂ ಟೋಪಿಗಳೇ! ಹಾಕಿಸಿಕೊಂಡವರೂ ಹಾಕಿದವರೂ ಟೋಪಿ ಧರಿಸಿದ್ದ ಆ ಹೊತ್ತಿನಲ್ಲಿ ಇಂಥ ಹಾಡು ಕೈಗೆ ಬಂದರೆ ಜನ ಚಪ್ಪಾಳೆ ತಟ್ಟದೆ ಇರುತ್ತಾರೆಯೆ?

ರಾಕ್ ಎಂದೊಡನೆ ಮೂಗು ಮುರಿಯಬೇಡಿ. ಈ ತಂಡ ಗದ್ದಲಕ್ಕಾಗಿ ಗದ್ದಲ ಮಾಡುವಂಥದ್ದಲ್ಲ. ಮುಖ್ಯ ಹಾಡುಗಾರ ವಾಸು ದೀಕ್ಷಿತ್ ಮೈಸೂರಿನ ಹುಡುಗ. ನಮ್ಮ ಜಾತ್ರೆ ಮೆರವಣಿಗೆಗಳ ಕೀಲುಕುದುರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ವೇದಿಕೆಯ ಮೇಲೆ ಕುಣಿದವರು. ಕುದುರೆ ಸವಾರಿಯ ಹೆಸರನ್ನೇ ಹೊತ್ತ ವೈಯಾಲಿಕಾವಲಿನಲ್ಲಿ ಬಾಳುತ್ತಿರುವ ನನಗೆ ಆ ಕುದುರೆ ಬಹಳ ಹಿಡಿಸಿತು. ಗಿಟಾರ್, ಡ್ರಮ್ಸ್ ಜೊತೆಗೆ ಸಂಜೀವ್ ನಾಯಕ್ ಅವರ ಪಿಟೀಲೂ ಇದೆ. 2009ರ ಮೊದಲ ಆಲ್ಬಮ್ಮಿನಲ್ಲೇ ಕಾವೇರಿ ನೀರಿನ ಜಗಳವನ್ನು ಕುರಿತು ಹಾಡಿದ್ದರು, 'ಈ ಭೂಮಿ' ಎಂಬ ಕನ್ನಡ ಹಾಡೂ ಅದರಲ್ಲಿತ್ತು. 'ಟೋಪಿವಾಲೆ'ಯಲ್ಲಿ ರಾಜಕಾರಣಿಗಳ ಮೇಲೊಂದು ಹಾಡು, ಸುದ್ದಿಯನ್ನು ಸಂತೆಯಾಗಿಸಿದ ಟಿ.ವಿ.ಯವರ ಮೇಲೊಂದು ಹಾಡು. ರಾಜಕೀಯದ ಆಲ್ಬಂ ಎಂದು ಅದನ್ನು ಕರೆದವರು ತಪ್ಪೇನೂ ಹೇಳಲಿಲ್ಲ.

ನನ್ನ ತಕರಾರು ಇರುವುದು ಅಲ್ಲಿಯೇ. ಆ ಆಲ್ಬಮ್ಮಿನ ಅತ್ಯಂತ ರಾಜಕೀಯವಾದ ಹಾಡು ಟೋಪಿಯವರ ಹಾಡಲ್ಲ. ಅದೇ ಆಲ್ಬಮ್ಮಿನಲ್ಲಿ 'ಘುಮ್' ಎಂಬ ಇನ್ನೊಂದು ಹಾಡಿದೆ. ಅದು ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯವನ್ನು ಕುರಿತ ಹಾಡು. ಟೋಪಿಯವರ ಹಾಡಿಗೆ ಕುಣಿದ ನಾವು ಈ ಹಾಡು ಬಂದಾಗ ಗುಂಡಿ ಒತ್ತಿ ಮುಂದಿನ ಹಾಡಿಗೆ ಹೋಗುತ್ತೇವೆ.

ರಾಜಕೀಯ ಎಂದರೇನು ಹೇಳಿ? ವಿಧಾನಸೌಧದಲ್ಲಿ ನಡೆಯುವುದು ಮಾತ್ರವೆ? ದೊಡ್ಡವನು ಚಿಕ್ಕವನ ಮೇಲೆ ಬಲ ಪ್ರಯೋಗಿಸುವುದು, ಪ್ರಯೋಗಿಸಿದ ಮೇಲೆ 'ಬಾಯಿಬಿಟ್ಟರೆ ನೋಡು' ಎಂದು ಹೆದರಿಸುವುದು, ಸುತ್ತಲಿದ್ದವರು ಕಂಡೂ ಕಾಣದಂತೆ ಇರುವುದು, ಕೊನೆಗೆ ದೂರಿದವರನ್ನೇ ಕೆಟ್ಟವರನ್ನಾಗಿ ಮಾಡುವುದು. ಇದು ರಾಜಕೀಯವಲ್ಲದೆ ಮತ್ತೇನು? ಗಣಿ ಧಣಿಗಳ ವಿಷಯದಲ್ಲಿ ಈ ನಾಲ್ಕು ಮೆಟ್ಟಿಲುಗಳನ್ನೂ ಗುರುತಿಸುವ ನಮಗೆ, ನಮ್ಮ ನಡುಮನೆಯಲ್ಲೂ ಅದೇ ನಾಲ್ಕು ಮೆಟ್ಟಿಲುಗಳಿರುವುದು ಕಾಣುವುದಿಲ್ಲ. ಕಾಣುವುದಿಲ್ಲವೋ, ಕಾಣಬಾರದೆಂದು ತೀರ್ಮಾನಿಸಿದ್ದೇವೋ?

ಟೋಪಿಯವನನ್ನು ಬಯ್ಯುವುದಕ್ಕೆ ನಮಗೆ ಖರ್ಚೇನೂ ಇಲ್ಲ. ಅವನು ದೂರದಲ್ಲಿದ್ದಾನೆ. ಬೈದರೆ ನಾಳೆ ನಮ್ಮ ಮನೆಯ ಹಾಲು ನಿಲ್ಲುವುದಿಲ್ಲ, ಮದುವೆಯ ಮಾತು ಮುರಿಯುವುದಿಲ್ಲ. ಆದರೆ ಈ ಇನ್ನೊಂದು ಹಾಡು ಬೆರಳು ತೋರಿಸುವುದು ಯಾರ ಕಡೆಗೆ? ಚಿಕ್ಕಪ್ಪನ ಕಡೆಗೆ, ಪಾಠ ಹೇಳುವ ಮೇಷ್ಟ್ರ ಕಡೆಗೆ, ಆಟೋದವನ ಕಡೆಗೆ, ಮೇಲಿನ ಮನೆಯ ತಾತನ ಕಡೆಗೆ, ರಜಕ್ಕೆ ಬಂದ ದೊಡ್ಡ ಹುಡುಗನ ಕಡೆಗೆ. ಅಂದರೆ ನಾವು ಕಾಫಿ ಕೊಟ್ಟು ಕೂರಿಸಿದವರ ಕಡೆಗೆ.

'ಇಂಥದ್ದೆಲ್ಲ ಎಲ್ಲೋ ನಡೆಯುತ್ತೆ, ನಮ್ಮಂಥವರ ಮನೆಯಲ್ಲಲ್ಲ' ಎನ್ನುವವರಿಗೆ ಒಂದು ಲೆಕ್ಕ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಿದರು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೇವೆ ಎಂದವರು ಶೇಕಡಾ 53.22. ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗಂಡು ಮಕ್ಕಳೇ. ಆದ್ದರಿಂದ 'ನನಗಿರುವುದು ಗಂಡು ಮಗು, ನನಗೇನು ಭಯ' ಎನ್ನುವ ತಾಯಂದಿರೂ ಒಮ್ಮೆ ನಿಂತು ಯೋಚಿಸಬೇಕು. ತಪ್ಪು ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ. ಕರ್ನಾಟಕ ಆ 13ರಲ್ಲಿ ಇರಲಿಲ್ಲ ಎಂದು ನಿಟ್ಟುಸಿರು ಬಿಡಬೇಡಿ. ನಮ್ಮ ಪಕ್ಕದ ಮಹಾರಾಷ್ಟ್ರ, ಗೋವಾ, ಆಂಧ್ರ, ಕೇರಳಗಳೆಲ್ಲ ಇದ್ದವು. ಈ ರೋಗ ಗಡಿಯ ಕಲ್ಲು ನೋಡಿ ನಿಲ್ಲುವಂಥದ್ದಲ್ಲ.

ಈಗ ನನ್ನ ಕಣ್ಣೆದುರಿಗೇ ನಡೆದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಕಡೆಯ ಒಂದು ಮಹಿಳಾ ಸಮಾಜ ಮಾರ್ಚ್ 8ರ ಕಾರ್ಯಕ್ರಮಕ್ಕೆ ಸಿದ್ಧವಾಗುತ್ತಿತ್ತು. ಕಾಲೇಜಿನ ಹುಡುಗಿಯರು ಟೋಪಿಯವರ ಹಾಡಿಗೆ ಕುಣಿಯುತ್ತೇವೆ ಎಂದರು. ಎಲ್ಲರಿಗೂ ಖುಷಿಯೋ ಖುಷಿ. ಕಾಗದದ ಟೋಪಿ ಮಾಡಿಸುವ ಜವಾಬ್ದಾರಿಯನ್ನೂ ಒಬ್ಬರು ಹೊತ್ತರು. ಅವರಲ್ಲೇ ಒಬ್ಬಳು, "ಆಂಟಿ, ಇದೇ ಆಲ್ಬಮ್ಮಲ್ಲಿ ಇನ್ನೊಂದು ಹಾಡಿದೆ. ಅದನ್ನ ಹಾಕಿ, ಮಕ್ಕಳ ಸುರಕ್ಷತೆ ಬಗ್ಗೆ ನಾನು ಐದು ನಿಮಿಷ ಮಾತಾಡ್ಲಾ?" ಎಂದು ಕೇಳಿದಳು. ಯಾವ ಹಾಡು, ಏನು ವಿಷಯ ಎಂದು ತಿಳಿದೊಡನೆ ಕೋಣೆಯಲ್ಲಿ ಪಿನ್ನು ಬಿದ್ದರೂ ಕೇಳಿಸುವಷ್ಟು ಮೌನ.

"ಹಬ್ಬದ ಥರ ಮಾಡ್ತಿದೀವಿ, ಆವತ್ತು ಅದೆಲ್ಲ ಯಾಕೆ ಪುಟ್ಟಿ?" ಎಂದರು ಒಬ್ಬರು.

"ಸಣ್ಣ ಸಣ್ಣ ಮಕ್ಕಳು ಬಂದಿರ್ತಾವೆ ಕಣ್ರೀ, ಅವುಗಳ ಮುಂದೆ ಇಂಥ ಮಾತೇ?" ಎಂದರು ಇನ್ನೊಬ್ಬರು.

ಹಿರಿಯರೊಬ್ಬರು ಸೆರಗು ಸರಿಮಾಡಿಕೊಂಡು, "ಮನೆ ಮಾತು ಹೊಸ್ತಿಲು ದಾಟಬಾರದಮ್ಮ" ಎಂದು ತೀರ್ಪು ಕೊಟ್ಟರು. ಹುಡುಗಿಯ ಮುಖ ಸಪ್ಪಗಾಯಿತು. ಟೋಪಿಯ ಕುಣಿತ ಭರ್ಜರಿಯಾಗಿ ನಡೆಯಿತು. ಒನ್ಸ್ ಮೋರ್ ಕೂಡ ಬಂತು.

ಮೂರೂ ಮಾತುಗಳಿಗೆ ಅಂದು ನಾನು ಅಲ್ಲಿಯೇ ಉತ್ತರ ಹೇಳಿದೆ, ಇಲ್ಲಿ ಇನ್ನೊಮ್ಮೆ ಹೇಳುತ್ತೇನೆ.

ಮೊದಲನೆಯದು, ಶುಭ ದಿನ. ಮಹಿಳಾ ದಿನ ಅರಿಶಿನ ಕುಂಕುಮದ ದಿನವಲ್ಲ. ಕೂಲಿಗಾಗಿ, ಮತದ ಹಕ್ಕಿಗಾಗಿ ಬೀದಿಗಿಳಿದ ಹೆಂಗಸರ ದಿನ. ಆವತ್ತು ಕಹಿ ಮಾತು ಆಡಬಾರದು ಎಂದರೆ ವರ್ಷದ ಇನ್ನಾವ ದಿನ ಆಡಬೇಕು? ಪಂಚಾಂಗದಲ್ಲಿ ಅದಕ್ಕೆ ಮುಹೂರ್ತ ಹುಡುಕುತ್ತಾ ಕೂತರೆ ಮಕ್ಕಳು ದೊಡ್ಡವರಾಗಿ, ಅವರ ಮಕ್ಕಳೂ ದೊಡ್ಡವರಾಗುತ್ತಾರೆ.

ಎರಡನೆಯದು, ಮಕ್ಕಳ ಮುಂದೆ ಬೇಡ ಎಂಬುದು. ಮಕ್ಕಳಿಗೆ ಆಗುವುದನ್ನು ಮಕ್ಕಳಿಗೆ ಹೇಳಬಾರದಂತೆ! ಬೆಂಕಿ ಮುಟ್ಟಬೇಡ ಎಂದು ಎರಡು ವರ್ಷದ ಕೂಸಿಗೆ ಹೇಳುತ್ತೇವೆ. ರಸ್ತೆ ದಾಟುವಾಗ ಎರಡೂ ಕಡೆ ನೋಡು ಎನ್ನುತ್ತೇವೆ. 'ನಿನ್ನ ಮೈಯನ್ನು ಹೀಗೆ ಮುಟ್ಟಲು ಯಾರಿಗೂ ಹಕ್ಕಿಲ್ಲ, ಯಾರಾದರೂ ಮುಟ್ಟಿದರೆ ನನಗೆ ಹೇಳು, ನಾನು ಬಯ್ಯುವುದಿಲ್ಲ' ಎಂಬ ಮೂರು ವಾಕ್ಯ ಹೇಳಲು ಮಾತ್ರ ನಮ್ಮ ನಾಲಗೆ ಹೊರಳುವುದಿಲ್ಲ. ಮೈಯ ಅಂಗಗಳಿಗೆ ನಾವು ಮಕ್ಕಳಿಗೆ ಹೆಸರನ್ನೇ ಕಲಿಸಿಲ್ಲ. 'ಛೀ', 'ಥೂ', 'ಶೇಮ್ ಶೇಮ್', ಇವೇ ಹೆಸರುಗಳು. ಹಾಗಾದರೆ ಮಗು ಯಾವ ಮಾತಿನಲ್ಲಿ ದೂರು ಹೇಳಬೇಕು? ಅದು ಹೊಟ್ಟೆನೋವು ಎನ್ನುತ್ತದೆ, ಟ್ಯೂಷನ್ನಿಗೆ ಹೋಗಲ್ಲ ಎಂದು ಹಟ ಮಾಡುತ್ತದೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ. ನಾವು ಓಂಕಾಳು ಕಷಾಯ ಕುಡಿಸಿ ಟ್ಯೂಷನ್ನಿಗೆ ಕಳಿಸುತ್ತೇವೆ.

ಮೂರನೆಯದು, ಹೊಸ್ತಿಲು. ಮನೆಯ ಮಾತು ಹೊಸ್ತಿಲು ದಾಟಬಾರದು ಎಂಬ ಗಾದೆಯಿಂದ ಇದುವರೆಗೆ ರಕ್ಷಣೆ ಪಡೆದವರು ಯಾರು? ಹೊಡೆಸಿಕೊಂಡ ಸೊಸೆಯಲ್ಲ, ಹೊಡೆದ ಮಗ. ಅತ್ತ ಮಗುವಲ್ಲ, ಅಳಿಸಿದ ಹಿರಿಯ. ಬೇಲಿಯೇ ಎದ್ದು ಹೊಲ ಮೇಯುವಾಗ ಹೊಲದ ಮಾತು ಬೇಲಿ ದಾಟಬಾರದು ಎನ್ನುವುದು ಯಾವ ನ್ಯಾಯ? ಮನೆ ಗೆದ್ದು ಮಾರು ಗೆಲ್ಲು ಎಂಬ ಗಾದೆಯೂ ನಮ್ಮಲ್ಲಿದೆ. ಅದನ್ನು ಮಾತ್ರ ಇಂಥ ಹೊತ್ತಿನಲ್ಲಿ ಯಾರೂ ನೆನೆಯುವುದಿಲ್ಲ.

ಹಾಡು ಎಂದರೆ ಮನಸ್ಸಿಗೆ ಹಿತವಾಗಿರಬೇಕು, ಸಂಸಾರದ ಕಷ್ಟ ಅದರಲ್ಲೂ ಯಾಕೆ ಎನ್ನುವವರಿದ್ದಾರೆ. ಈ ಮಾತು ನಮ್ಮ ಪರಂಪರೆಯದು ಎಂದು ಮಾತ್ರ ಹೇಳಬೇಡಿ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ತೆಗೆದು ನೋಡಿ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ತವರನ್ನು ನೆನೆದು ಹಾಡಿದಳು, ಅತ್ತೆಮನೆಯ ಸಂಕಟವನ್ನೂ ಹಾಡಿದಳು. ಗಂಡಸರು ಏಳುವ ಮುಂಚಿನ ಆ ನಸುಕಿನ ಹೊತ್ತು ಅವಳ ಸ್ವಂತ ಸಭೆಯಾಗಿತ್ತು. ಮಿಕ್ಸಿ ಬಂತು, ಕಲ್ಲು ಮೂಲೆ ಸೇರಿತು. ಕಷ್ಟ ಹೋಯಿತು, ಒಳ್ಳೆಯದೇ ಆಯಿತು. ಆದರೆ ಕಲ್ಲಿನ ಜೊತೆ ಆ ಬಾಯಿಯನ್ನೂ ಮೂಲೆಗೆ ಸೇರಿಸಿದೆವಲ್ಲ! ಆಮೇಲೆ ಕ್ಯಾಸೆಟ್ಟಿನ ಕಾಲದಲ್ಲಿ ಸುಗಮ ಸಂಗೀತ ಮನೆ ಮನೆಗೆ ಬಂತು. ಸಿ. ಅಶ್ವಥ್ ಅವರ ದನಿಯನ್ನು ನಾನೂ ಮನಸಾರೆ ಮೆಚ್ಚಿದವಳೇ. ಆದರೆ ನಾವು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದ ಹಾಡುಗಳಲ್ಲಿ ಮನೆಯೆಂದರೆ ಮಲ್ಲಿಗೆ, ಬಳೆ, ಹುಸಿಮುನಿಸು. ಮನೆಯೊಳಗೆ ಹೆದರಿಕೆಯೂ ಇರಬಹುದು ಎಂಬುದಕ್ಕೆ ನಮ್ಮ ಸಂಗೀತದ ಕ್ಲಾಸುಗಳಲ್ಲಿ ರಾಗವೇ ಇಲ್ಲ.

ಇನ್ನು 'ಕೆರೆಗೆ ಹಾರ'. ಶಾಲೆಯಲ್ಲಿ ಓದಿದವರಿಗೆ ನೆನಪಿರಬೇಕು. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿ ಕೊಟ್ಟರು. ಮನೆಯವರೆಲ್ಲರಿಗೂ ಗೊತ್ತಿತ್ತು. ಒಬ್ಬರಾದರೂ 'ಬೇಡ' ಎನ್ನಲಿಲ್ಲ. ಇದನ್ನು ಬರೀ ತ್ಯಾಗದ ಕಥೆಯೆಂದು ತಲೆಮಾರುಗಳಿಗೆ ಪಾಠ ಹೇಳಿದವರು ಕಡಮೆಯಿಲ್ಲ. ನನಗೆ ಅದು ತ್ಯಾಗದ ಹಾಡಾಗಿ ಎಂದೂ ಕೇಳಿಸಿಲ್ಲ. ಮನೆ ತುಂಬ ಜನರಿದ್ದು, ಎಲ್ಲರೂ ತಿಳಿದು, ಎಲ್ಲರೂ ಸುಮ್ಮನಿದ್ದ ಕಥೆ ಅದು. ಹಾಡಿದ ಹೆಣ್ಣುಮಕ್ಕಳಿಗೆ ಅದು ಗೊತ್ತಿತ್ತು. ತ್ಯಾಗ ಎಂಬ ಹೆಸರು ಅಂಟಿಸಿದ್ದು ಆಮೇಲಿನವರು. ಸಹಿಸಿದವಳನ್ನು ಹೊಗಳಿಬಿಟ್ಟರೆ ಸಹಿಸುವಂತೆ ಮಾಡಿದವರ ಹೆಸರು ಯಾರೂ ಕೇಳುವುದಿಲ್ಲ, ಅಷ್ಟೆ.

ಸ್ವರಾತ್ಮದ ಹುಡುಗರ ಮೇಲೂ ನನಗೊಂದು ದೂರಿದೆ. ಅವರ ಹಾಡುಗಳಲ್ಲಿ ಹಿಂದಿಯದೇ ಮೇಲುಗೈ. ದೇಶವೆಲ್ಲ ತಿರುಗಿ ಹಾಡುವವರಿಗೆ ಹಿಂದಿ ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ತುಮಕೂರಿನ, ಹಾಸನದ, ಚಾಮರಾಜಪೇಟೆಯ ತಾಯಿಯ ಕಿವಿಗೆ ಈ ವಿಷಯ ಬೀಳಬೇಕಾದರೆ ಅವಳು ಮಗುವಿಗೆ ಅನ್ನ ತಿನ್ನಿಸುವ ಭಾಷೆಯಲ್ಲೇ ಬರಬೇಕು. ಟೋಪಿಯವರ ವಿಷಯ ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ. ಇದು ಹಾಗಲ್ಲ.

ಆದರೆ ಹುಡುಗರನ್ನು ದೂರುವ ಮೊದಲು ನಮ್ಮ ಕನ್ನಡದ ಕಾವಲುಗಾರರನ್ನು ಕೇಳಬೇಕು. ಅದೇ 2012ರ ಮೇ 13ರಂದು ಆಮೀರ್ ಖಾನ್ ಅವರ 'ಸತ್ಯಮೇವ ಜಯತೆ' ಕಾರ್ಯಕ್ರಮದ ಎರಡನೆಯ ಕಂತು ಪ್ರಸಾರವಾಯಿತು. ವಿಷಯ ಇದೇ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. ತಮಿಳು, ತೆಲುಗು, ಮಲಯಾಳಂ ಮನೆಗಳ ತಾಯಂದಿರು ಅದನ್ನು ತಮ್ಮ ತಮ್ಮ ಭಾಷೆಯಲ್ಲಿ ನೋಡಿದರು. ಕನ್ನಡದ ಚಾನೆಲ್ಲಿನಲ್ಲಿ ಅದು ಬರಲಿಲ್ಲ. ಡಬ್ಬಿಂಗ್ ಕೂಡದು ಎಂಬ ಚಿತ್ರರಂಗದವರ ವಿರೋಧ ಅಡ್ಡ ಬಂತು. ನಮ್ಮ ಕಲಾವಿದರ ಅನ್ನ ಉಳಿಯಬೇಕು ಎಂಬ ಕಾಳಜಿಯನ್ನು ನಾನು ಹಗುರ ಮಾಡುವುದಿಲ್ಲ. ಹಾಗಾದರೆ ಅದೇ ವಿಷಯವನ್ನು ಕನ್ನಡದಲ್ಲೇ, ಕನ್ನಡದವರೇ, ಅಷ್ಟೇ ಗಟ್ಟಿಯಾಗಿ ಮಾಡಿ ಮರುವಾರವೇ ತೋರಿಸಬೇಕಿತ್ತು. ತೋರಿಸಿದರೆ? ಭಾಷೆಯನ್ನು ಕಾಯಲು ಬಾಗಿಲಿಗೆ ಬೀಗ ಹಾಕಿದವರು ಒಳಗಿದ್ದ ಮಕ್ಕಳಿಗೆ ಏನು ಕೊಟ್ಟರು ಎಂದು ಕೇಳುವ ಹಕ್ಕು ನಮಗಿಲ್ಲವೆ?

ಹಾಡು ಹಾಡಿದರೆ ಮಗು ಉಳಿಯುತ್ತದೆಯೇ ಎಂದು ವ್ಯಂಗ್ಯವಾಡುವವರೂ ಇದ್ದಾರೆ. ಬರೀ ಹಾಡಿನಿಂದ ಉಳಿಯುವುದಿಲ್ಲ. ಆದರೆ ಅಮೆರಿಕದಲ್ಲಿ 1987ರಲ್ಲಿ ಸುಜಾನ್ ವೇಗಾ ಎಂಬಾಕೆ ಮನೆಯಲ್ಲಿ ಪೆಟ್ಟು ತಿನ್ನುವ ಹುಡುಗನ ಬಾಯಿಂದ ಆಡಿಸಿದ 'ಲೂಕಾ' ಎಂಬ ಹಾಡು ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಮನೆಯೊಳಗಿನ ಪೆಟ್ಟು ರೇಡಿಯೋದಲ್ಲಿ ಮೊಳಗಿದ್ದರಿಂದ ಯಾರ ಸಂಸ್ಕೃತಿಯೂ ಮುಳುಗಿಹೋಗಲಿಲ್ಲ. ಹಾಡು ಮಾಡುವ ಕೆಲಸ ಅದು: ಇಲ್ಲದ ಮಾತನ್ನು ಬಾಯಿಗೆ ತರುವುದು. 'ನನಗಾದದ್ದು ನನ್ನೊಬ್ಬಳಿಗೇ ಆದದ್ದಲ್ಲ' ಎಂದು ತಿಳಿದ ಮೇಲೆ ಮಗು ಬಾಯಿಬಿಡಬಹುದು. ನಲವತ್ತು ವರ್ಷ ನುಂಗಿಕೊಂಡ ತಾಯಿಯೂ ಬಾಯಿಬಿಡಬಹುದು.

ಆ ಆಲ್ಬಂ ಬಂದ ವರ್ಷವೇ, ನವೆಂಬರ್ 14ರ ಮಕ್ಕಳ ದಿನದಂದು, ಪೋಕ್ಸೊ ಕಾಯಿದೆ ಜಾರಿಗೆ ಬಂತು. ಹದಿನೆಂಟು ತುಂಬದ ಗಂಡು ಮಗುವಿಗೂ ಹೆಣ್ಣು ಮಗುವಿಗೂ ಅದು ಅನ್ವಯಿಸುತ್ತದೆ. ವಿಷಯ ತಿಳಿದೂ ಪೊಲೀಸರಿಗೆ ತಿಳಿಸದಿದ್ದರೆ ತಿಳಿದವರಿಗೂ ಆರು ತಿಂಗಳವರೆಗೆ ಜೈಲಾಗಬಹುದು. ಅಂದರೆ ಮನೆಯ ಮಾತು ಹೊಸ್ತಿಲು ದಾಟಲೇಬೇಕು ಎಂದು ಈ ದೇಶದ ಕಾನೂನೇ ಹೇಳಿದೆ. 2014ರ ಜುಲೈನಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರವಾಯಿತೆಂದು ಸಾವಿರಾರು ಪೋಷಕರು ರಸ್ತೆಗಿಳಿದರು. ಇಳಿದದ್ದು ಸರಿಯೇ. ಆದರೆ ಅಪರಾಧಗಳ ಲೆಕ್ಕವಿಡುವ ಕೇಂದ್ರದ ಬ್ಯೂರೊ ವರ್ಷ ವರ್ಷವೂ ಒಂದು ಸಂಗತಿ ಹೇಳುತ್ತಲೇ ಬಂದಿದೆ. ಈ ಕಾಯಿದೆಯಡಿಯ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಪರಿಚಿತನೇ: ಮನೆಯವನು, ನೆಂಟ, ನೆರೆಯವನು, ಗೊತ್ತಿದ್ದವನು. ಶಾಲೆಯ ಗೇಟಿನ ಮುಂದೆ ಮೇಣದ ಬತ್ತಿ ಹಚ್ಚಿದ ನಾವು ಸ್ವಂತ ಮನೆಯ ಗೇಟಿನ ಮುಂದೆ ಯಾವಾಗ ಹಚ್ಚುತ್ತೇವೆ?

ಮಾಡಬೇಕಾದದ್ದು ಏನು ಎಂದು ಕೇಳುತ್ತೀರಲ್ಲವೆ? ದೊಡ್ಡ ಕ್ರಾಂತಿಯೇನೂ ಬೇಡ. ನೆಂಟರು ಬಂದಾಗ 'ಮಾಮನಿಗೊಂದು ಮುತ್ತು ಕೊಡು, ತೊಡೆ ಮೇಲೆ ಕೂತ್ಕೋ' ಎಂದು ಮಗುವನ್ನು ನೂಕುವುದನ್ನು ನಿಲ್ಲಿಸೋಣ. ಅದು ಬೇಡ ಎಂದರೆ ಬೇಡ. ಆ 'ಬೇಡ'ವನ್ನು ಹಟ ಎಂದು ಗದರಿದ ದಿನವೇ ನಾವು ಅದರ ಕೈಯಲ್ಲಿದ್ದ ಒಂದೇ ಆಯುಧವನ್ನು ಕಿತ್ತುಕೊಂಡ ಹಾಗೆ. ಮೈಯ ಅಂಗಗಳಿಗೆ ಸರಿಯಾದ ಹೆಸರು ಕಲಿಸೋಣ. ಮಗು ಹೇಳಿದ್ದನ್ನು ಮೊದಲು ನಂಬೋಣ, 'ನೀನು ಅಲ್ಲಿಗೆ ಯಾಕೆ ಹೋದೆ' ಎಂಬ ಪ್ರಶ್ನೆಯನ್ನು ನುಂಗಿಕೊಳ್ಳೋಣ. ಮಕ್ಕಳ ಸಹಾಯವಾಣಿ 1098 ಎಂಬ ನಾಲ್ಕು ಅಂಕಿಯನ್ನು ಗ್ಯಾಸಿನವನ ನಂಬರಿನ ಪಕ್ಕದಲ್ಲಿ ಬರೆದು ಅಂಟಿಸೋಣ.

ಇನ್ನು ಮಹಿಳಾ ಸಮಾಜಗಳ ಕಾರ್ಯದರ್ಶಿಗಳಿಗೆ, ಭಜನಾ ಮಂಡಳಿಗಳ ಹಿರಿಯರಿಗೆ, ಸುಗಮ ಸಂಗೀತ ಕಲಿಸುವ ನನ್ನ ಗೆಳತಿಯರಿಗೆ ಒಂದೇ ಮಾತು. ಈ ಊರಿನಲ್ಲಿ ಕವಿಗಳಿಗೇನು ಬರವೇ, ರಾಗ ಹಾಕುವವರಿಗೆ ಬರವೇ? ಹೇಳಿ ಬರೆಸಿ. ಕನ್ನಡದಲ್ಲಿ ಬರೆಸಿ. ಹಿಂದಿಯ ಹಾಡಿಗೆ ಗುಂಡಿ ಒತ್ತಿ ಮುಂದೆ ಹೋದ ಹಾಗೆ ಹೋಗಲಾಗದಂತೆ, ಮಕ್ಕಳ ಬಾಯಲ್ಲೇ ನಿಲ್ಲುವಂತೆ ರಾಗ ಹಾಕಿಸಿ. ಮುಂದಿನ ಸಲ ನಿಮ್ಮ ವೇದಿಕೆಯ ಮೇಲೆ ಟೋಪಿಯವರ ಹಾಡು ಇರಲಿ, ಬೇಡ ಎನ್ನುವುದಿಲ್ಲ. ಆದರೆ ಅದರ ಹಿಂದೆಯೇ ಈ ಹಾಡೂ ಇರಲಿ. ಎರಡಕ್ಕೂ ಜಾಗವಿಲ್ಲ, ಸಮಯ ಸಾಲದು ಎಂದಾದರೆ ಟೋಪಿಯದನ್ನು ಬಿಡಿ. ಟೋಪಿ ಹಾಕಿದವರನ್ನು ಐದು ವರ್ಷಕ್ಕೊಮ್ಮೆ ಓಟಿನಲ್ಲಿ ಇಳಿಸಬಹುದು. ಮಗುವಿಗೆ ಓಟಿಲ್ಲ.